ಔಷಧಿ ಹಾಕದ ಮೊಟ್ಟೆಗಳು

ಮನುಷ್ಯರ ಮಕ್ಕಳಲ್ಲಿ ಬರುವ ದೋಷವನ್ನು ಕೋಳಿ ಮೊಟ್ಟೆಯಲ್ಲಿ ಹುಡುಕುತ್ತಿದ್ದೇನೆ ಅಂದರೆ ಕೇಳಿದವರಿಗೆ ಮೊದಲು ನಗು ಬರುತ್ತದೆ. ಆಮೇಲೆ ಬರುವ ಪ್ರಶ್ನೆ ಒಂದೇ: "ಯಾಕೆ, ಇಲಿ ಇಲ್ವಾ?" ಇದೆ. ಆದರೆ ಇಲಿಯ ಭ್ರೂಣ ಬೆಳೆಯುವುದು ತಾಯಿಯ ಗರ್ಭದೊಳಗೆ. ಅದನ್ನು ಹೊರತೆಗೆದು ನೋಡಬೇಕೆಂದರೆ ತಾಯಿಯನ್ನೂ ಕೊಲ್ಲಬೇಕು. ಕೋಳಿಯದು ಹಾಗಲ್ಲ. ಒಂದು ದಿನ ಕಾವು ಕೊಟ್ಟ ಮೊಟ್ಟೆಯ ಚಿಪ್ಪಿನಲ್ಲಿ ಸಣ್ಣ ಕಿಂಡಿ ತೆಗೆದರೆ ಸಾಕು. ಹಳದಿಯ ಮೇಲೆ ಭ್ರೂಣ ಚಪ್ಪಟೆಯಾಗಿ ಮಲಗಿರುತ್ತದೆ. ಮುಂದೆ ಮೆದುಳು, ಬೆನ್ನುಹುರಿ ಆಗಬೇಕಾದ ಭಾಗ ನೇರವಾಗಿ ನಮ್ಮ ಕಡೆಗೇ ಮುಖ ಮಾಡಿರುತ್ತದೆ. ಇದಕ್ಕಿಂತ ಸಲೀಸು ಇನ್ನೇನು ಬೇಕು ಅಂತ ನನಗೂ ಅನ್ನಿಸಿತ್ತು.

ಆ ಭಾಗದ ಹೆಸರು ನರಕೊಳವೆ, ಅಂದರೆ ನ್ಯೂರಲ್ ಟ್ಯೂಬ್. ಮೊದಲಿಗೆ ಅದು ಕೊಳವೆಯಾಗಿರುವುದಿಲ್ಲ. ಬೆನ್ನಿನ ನಡುಗೆರೆಯ ಉದ್ದಕ್ಕೂ ಒಂದು ದಪ್ಪ ಪಟ್ಟಿ, ಅಂದರೆ ನರಪಟ್ಟಿ, ಮೂಡುತ್ತದೆ. ಅದರ ಎರಡೂ ಅಂಚುಗಳು ಮಡಿಕೆಗಳಾಗಿ ಮೇಲೇಳುತ್ತವೆ, ನಡುವೆ ತಗ್ಗು ಬೀಳುತ್ತದೆ, ಕೊನೆಗೆ ಅಂಚುಗಳು ಬಾಗಿ ಬಂದು ಕೂಡಿಕೊಳ್ಳುತ್ತವೆ. ತಲೆಯ ಕಡೆ ಕೂಡಿಕೊಳ್ಳದಿದ್ದರೆ ಅನೆನ್ಸೆಫಲಿ. ಅಂಥ ಮಗು ಉಳಿಯುವುದಿಲ್ಲ. ಬೆನ್ನಿನ ಕಡೆ ಆಗದಿದ್ದರೆ ಸ್ಪೈನಾ ಬೈಫಿಡಾ. ಮಗು ಬದುಕಬಹುದು, ಆದರೆ ಕಾಲಿನ ಬಲಕ್ಕೂ ಮೂತ್ರದ ಹಿಡಿತಕ್ಕೂ ಪೆಟ್ಟು ಬೀಳುತ್ತದೆ. ಮನುಷ್ಯರಲ್ಲಿ ಈ ಕೆಲಸವೆಲ್ಲ ಗರ್ಭ ಕಟ್ಟಿ 28 ದಿನ ಆಗುವಷ್ಟರಲ್ಲಿ ಮುಗಿದಿರುತ್ತದೆ. ಎಷ್ಟೋ ಹೆಂಗಸರಿಗೆ ತಾವು ಬಸುರಿ ಅಂತ ಆ ಹೊತ್ತಿಗೆ ಗೊತ್ತೇ ಇರುವುದಿಲ್ಲ.

ಫೋಲಿಕ್ ಆಸಿಡ್ ಮಾತ್ರೆ ಕೊಡುವುದು ಇದಕ್ಕೇ. 1991ರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೊಮ್ಮೆ ಇಂಥ ಮಗು ಆಗಿದ್ದ ತಾಯಂದಿರಿಗೆ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಸಿಡ್ ಕೊಟ್ಟಾಗ ಅದು ಮರುಕಳಿಸುವುದು ಶೇ. 72ರಷ್ಟು ತಗ್ಗಿತು. ದೊಡ್ಡ ಗೆಲುವೇ. ಆದರೂ ಎಲ್ಲವೂ ತಪ್ಪಲಿಲ್ಲ ಅಲ್ವಾ? ಫೋಲಿಕ್ ಆಸಿಡ್‌ಗೆ ಬಗ್ಗದ ಆ ಉಳಿದ ಭಾಗಕ್ಕೇ ನಮ್ಮಂಥವರು ಇನ್ನೂ ಮೊಟ್ಟೆ ಒಡೆಯುತ್ತಿರುವುದು.

ನನ್ನ ಪಾಲಿಗೆ ಬಂದದ್ದು ವಾಲ್‌ಪ್ರೋಯೇಟ್. ಮೂರ್ಛೆ ರೋಗದ ಹಳೆಯ, ಒಳ್ಳೆಯ ಔಷಧಿ. ಬಸುರಿನಲ್ಲಿ ಇದನ್ನು ತೆಗೆದುಕೊಂಡವರ ಮಕ್ಕಳಲ್ಲಿ ಸ್ಪೈನಾ ಬೈಫಿಡಾ ಜಾಸ್ತಿ ಕಾಣುತ್ತಿದೆ ಎಂದು ಫ್ರಾನ್ಸಿನ ಲಿಯೋನ್‌ನಿಂದ 1982ರಲ್ಲಿ ವರದಿ ಬಂತು. ಅಂಥ ಮಕ್ಕಳಲ್ಲಿ ನೂರಕ್ಕೆ ಒಂದೆರಡರಲ್ಲಿ ಈ ದೋಷ ಬರುತ್ತದೆ ಎಂದು ಮುಂದಿನ ಅಧ್ಯಯನಗಳು ಹೇಳಿದವು. (ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಬಸುರಿನಲ್ಲಿ ಫಿಟ್ಸ್ ಬರುವುದೂ ಅಪಾಯವೇ. ಮಗು ಬೇಕು ಅನ್ನುವ ಯೋಚನೆ ಇದ್ದರೆ ಮೊದಲೇ ವೈದ್ಯರ ಜೊತೆ ಮಾತಾಡಿ.) ಕೋಳಿ ಭ್ರೂಣಕ್ಕೆ ವಾಲ್‌ಪ್ರೋಯೇಟ್ ಹಾಕಿದರೂ ನರಕೊಳವೆ ಕೆಡುತ್ತದೆ ಎನ್ನುವುದು ಹೊಸ ಸುದ್ದಿಯಲ್ಲ. ಕೆಡುವಾಗ ಮಡಿಕೆಗಳು ಎಲ್ಲಿ, ಯಾವ ಹಂತದಲ್ಲಿ ನಿಂತುಬಿಡುತ್ತವೆ ಎಂದು ನೋಡುವುದು ನನ್ನ ಕೆಲಸವಾಗಿತ್ತು.

ಅಂಗಡಿಯ ಮೊಟ್ಟೆ ಇದಕ್ಕೆ ಆಗುವುದಿಲ್ಲ. ಹುಂಜದ ಜೊತೆ ಇದ್ದ ಕೋಳಿಗಳ ಮೊಟ್ಟೆ ಬೇಕು, ಅದಕ್ಕೆ ಹ್ಯಾಚರಿಯೇ ಗತಿ. ಇಟ್ಟ ಹೊತ್ತಿಗೇ ಅಂಥ ಮೊಟ್ಟೆಯಲ್ಲಿ ಹತ್ತಾರು ಸಾವಿರ ಜೀವಕೋಶಗಳ ಬಿಲ್ಲೆಯೊಂದು ತಯಾರಾಗಿರುತ್ತದೆ. ತಂಪಿನಲ್ಲಿಟ್ಟರೆ ಬೆಳವಣಿಗೆ ನಿಂತಿರುತ್ತದೆ. ಸುಮಾರು 15 ಡಿಗ್ರಿಯಲ್ಲಿ ವಾರದವರೆಗೆ ಇಡಬಹುದು. ಅದಕ್ಕೂ ಹಳೆಯದಾದರೆ ಔಷಧಿಯ ಗೊಡವೆಯೇ ಇಲ್ಲದೆ ಭ್ರೂಣ ಅಡ್ಡಾದಿಡ್ಡಿ ಬೆಳೆಯಲು ಶುರುಮಾಡುತ್ತದೆ. ಆದ್ದರಿಂದ ಪ್ರತಿ ಟ್ರೇ ಮೇಲೂ ಮೊಟ್ಟೆ ಬಂದ ತಾರೀಕು ಬರೆಯುವುದು ನಮ್ಮ ಲ್ಯಾಬಿನಲ್ಲಿ ಕಡ್ಡಾಯ.

ಕಾವಿಗೆ ಇನ್‌ಕ್ಯುಬೇಟರ್ 38 ಡಿಗ್ರಿ, ಒಳಗೆ ನೀರಿನ ತಟ್ಟೆ. ಮೊಟ್ಟೆಯನ್ನು ಅಡ್ಡಲಾಗಿ ಮಲಗಿಸಿ, ಮೇಲಿನ ಮುಖಕ್ಕೆ ಪೆನ್ಸಿಲ್ ಗುರುತು ಹಾಕುತ್ತೇವೆ. ಹಳದಿ ಹೇಗೆ ತಿರುಗಿದರೂ ಭ್ರೂಣ ಮೇಲಕ್ಕೇ ಬಂದು ನಿಲ್ಲುತ್ತದೆ, ಹಾಗಾಗಿ ಕಿಂಡಿ ಎಲ್ಲಿ ತೆಗೆಯಬೇಕು ಅಂತ ಗುರುತೇ ಹೇಳುತ್ತದೆ. ಎಷ್ಟು ಗಂಟೆ ಕಾವು ಕೊಟ್ಟೆವು ಅನ್ನುವುದನ್ನು ಬರೆದುಕೊಳ್ಳುತ್ತೇವೆ, ಆದರೆ ನಂಬುವುದಿಲ್ಲ. ಒಂದೇ ಟ್ರೇಯಲ್ಲಿ, ಒಂದೇ ಹೊತ್ತಿಗೆ ಇಟ್ಟ ಮೊಟ್ಟೆಗಳಲ್ಲೂ ಒಂದು ಮುಂದೆ ಓಡಿರುತ್ತದೆ, ಇನ್ನೊಂದು ಹಿಂದೆ ಬಿದ್ದಿರುತ್ತದೆ. ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ 1951ರಲ್ಲಿ ಮಾಡಿಟ್ಟ, ಕೋಳಿ ಭ್ರೂಣದ ಬೆಳವಣಿಗೆಯ 46 ಹಂತಗಳ ಪಟ್ಟಿ ಇರುವುದೇ ಇದಕ್ಕೆ. ನರಕೊಳವೆ ಮುಚ್ಚುವ ದಿನಗಳಲ್ಲಿ ಆ ಪಟ್ಟಿ ನಿಂತಿರುವುದು ಸೊಮೈಟ್‌ಗಳ ಮೇಲೆ. ಬೆನ್ನಿನ ಎರಡೂ ಬದಿಗೆ ಜೋಡಿಜೋಡಿಯಾಗಿ ಮೂಡುವ ಸಣ್ಣ ಗಂಟುಗಳವು. ಸುಮಾರು 90 ನಿಮಿಷಕ್ಕೆ ಒಂದು ಜೋಡಿ. ನಾಲ್ಕು ಜೋಡಿ ಇದ್ದರೆ 8ನೇ ಹಂತ, ಹತ್ತು ಇದ್ದರೆ 10ನೇ ಹಂತ. ಈ ಎಣಿಕೆ ಎಷ್ಟು ದೊಡ್ಡ ವಿಷಯ ಅನ್ನುವುದು ನನಗೆ ಗೊತ್ತಾಗಿದ್ದು ಆಮೇಲೆ.

ಕಿಂಡಿ ತೆಗೆಯುವ ಕೆಲಸ ನನಗೆ ಬಹಳ ಇಷ್ಟ. ಮೊಟ್ಟೆಯ ಮೊಂಡು ತುದಿಯಲ್ಲಿ ಸಣ್ಣ ತೂತು ಮಾಡಿ, ಸಿರಿಂಜಿನ ಸೂಜಿಯನ್ನು ಕೆಳಮುಖವಾಗಿ ಇಳಿಸಿ 3ರಿಂದ 5 ಮಿಲಿಲೀಟರ್ ಬಿಳಿ ಲೋಳೆ ಎಳೆಯಬೇಕು. ಸೂಜಿ ಸ್ವಲ್ಪ ಮೇಲಾದರೂ ಹಳದಿಗೆ ತಾಗುತ್ತದೆ, ಅಲ್ಲಿಗೆ ಆ ಮೊಟ್ಟೆಯ ಕಥೆ ಮುಗಿಯಿತು. ಲೋಳೆ ಹೊರಬಂದಷ್ಟೂ ಹಳದಿ ಕೆಳಗಿಳಿದು, ಭ್ರೂಣ ಚಿಪ್ಪಿನಿಂದ ದೂರ ಸರಿಯುತ್ತದೆ. ಆಮೇಲೆ ಗುರುತಿನ ಮೇಲೆ ಅಗಲವಾದ ಪಾರದರ್ಶಕ ಟೇಪ್ ಅಂಟಿಸಿ, ಬಾಗಿದ ಮೊನೆಯ ಸಣ್ಣ ಕತ್ತರಿಯಿಂದ ಮೊಟ್ಟೆಯಾಕಾರದ ಕಿಂಡಿ ಕತ್ತರಿಸಬೇಕು. ಟೇಪ್ ಇಲ್ಲದಿದ್ದರೆ ಚಿಪ್ಪಿನ ಪುಡಿಯೆಲ್ಲ ಭ್ರೂಣದ ಮೇಲೆ ಬೀಳುತ್ತದೆ.

ಒಳಗೆ ನೋಡಿದರೆ ಮೊದಲಿಗೆ ಏನೂ ಕಾಣುವುದಿಲ್ಲ. ಹಳದಿಯ ಮೇಲೆ ಮಸುಕು ಬಿಳಿಯ ಒಂದು ವೃತ್ತ, ಅಷ್ಟೇ. ಅದರ ಕೆಳಗೆ ಸಲೈನ್‌ನಲ್ಲಿ ತೆಳುಮಾಡಿದ ಕಪ್ಪು ಇಂಕನ್ನು ಸಣ್ಣ ಸೂಜಿಯಿಂದ ಹಾಯಿಸಬೇಕು. ಸೂಜಿ ಒಳಹೋಗಬೇಕಾದದ್ದು ವೃತ್ತದ ಅಂಚಿನ ಹೊರಗಿನಿಂದ, ಭ್ರೂಣಕ್ಕೆ ಹತ್ತಿರದಿಂದಲ್ಲ. ಕಪ್ಪು ಹರಡಿಕೊಂಡ ಹಾಗೆ ಅದರ ಮೇಲೆ ಭ್ರೂಣ ಬೆಳ್ಳಗೆ ಎದ್ದು ಬರುತ್ತದೆ: ಮುಂದೆ ತಲೆಯ ಮಡಿಕೆ, ನಡುವೆ ಸೊಮೈಟ್‌ಗಳು, ಹಿಂದೆ ಇನ್ನೂ ಬಾಯಿ ತೆರೆದುಕೊಂಡಿರುವ ನರಪಟ್ಟಿ. ಸಿಕ್ಕಿದ ಇಂಕ್ ಹಾಕುವ ಹಾಗಿಲ್ಲ. ಅರಗು ಬೆರೆಸಿದ ಇಂಕು ಭ್ರೂಣಕ್ಕೆ ವಿಷ.

ಮೊದಲ ಸುತ್ತಿನಲ್ಲಿ ನಾಲ್ಕು ಗುಂಪು ಮಾಡಿದ್ದೆವು. ಒಂದು, ಮುಟ್ಟದೆ ಬಿಟ್ಟ ಮೊಟ್ಟೆಗಳು. ಇನ್ನೊಂದು, ಕಿಂಡಿ ತೆಗೆದು ಟೇಪ್ ಹಚ್ಚಿ ಮುಚ್ಚಿದವು. ಮೂರನೆಯದಕ್ಕೆ ಕಿಂಡಿಯ ಜೊತೆ ಸಲೈನ್, ನಾಲ್ಕನೆಯದಕ್ಕೆ ವಾಲ್‌ಪ್ರೋಯೇಟ್. ಔಷಧಿಯ ಗುಂಪಿನಲ್ಲಿ ತಲೆ ಮುಚ್ಚದ ಭ್ರೂಣಗಳು ಸಿಕ್ಕವು. ನನಗೋ ಖುಷಿ. ನಮ್ಮ ಗೈಡ್ ಮೇಡಂ ಕೋಷ್ಟಕದ ಆ ಸಾಲನ್ನು ನೋಡಲೇ ಇಲ್ಲ. "ಕಂಟ್ರೋಲ್ ಏನು ಹೇಳ್ತಿದೆ, ಅದನ್ನ ಮೊದಲು ಹೇಳಿ" ಅಂದರು. ಕಂಟ್ರೋಲ್ ಅಂದರೆ ಹೋಲಿಕೆಗೆಂದು ಔಷಧಿ ಹಾಕದೆ ಇಟ್ಟ ಗುಂಪುಗಳು. ಅವು ಹೇಳುತ್ತಿದ್ದುದು ಚೆನ್ನಾಗಿರಲಿಲ್ಲ. ಯಾವ ಔಷಧಿಯೂ ಕಾಣದ, ಬರೀ ಕಿಂಡಿ ತೆಗೆದು ಮುಚ್ಚಿದ ಮೊಟ್ಟೆಗಳಲ್ಲೂ ತಲೆ ತೆರೆದ ಭ್ರೂಣಗಳಿದ್ದವು. ಮುಟ್ಟದ ಮೊಟ್ಟೆಗಳಲ್ಲಿ ಅಂಥದ್ದು ಇಲ್ಲ.

ಇದು ನಮ್ಮ ಲ್ಯಾಬಿನ ದೆವ್ವವೇನಲ್ಲ. ಕಾವಿನ ಮೊದಲ ದಿನ ಮೊಟ್ಟೆಗೆ ಕಿಂಡಿ ತೆಗೆದರೆ ಸಾಕು, ಅದರಿಂದಲೇ ನರಕೊಳವೆ ದೋಷ ಬರುತ್ತದೆ ಎಂದು 1970 ಮತ್ತು 80ರ ದಶಕಗಳಲ್ಲೇ ಸಂಶೋಧಕರು ಬರೆದಿದ್ದಾರೆ. ಭ್ರೂಣದ ಮೇಲೆ ಹೊಸದಾಗಿ ಉಂಟಾಗುವ ಗಾಳಿಯ ಜಾಗದ ಮೇಲೆ ಅವರಿಗೆ ಅನುಮಾನ. ಮೊಟ್ಟೆಯೊಳಗೆ ಲೋಳೆಯ ನಡುವೆ ಬೆಳೆಯಬೇಕಾದ ಭ್ರೂಣದ ಮೇಲೆ ದಿಢೀರನೆ ಗಾಳಿ ಬಂದು ಕೂತರೆ, ಅಂಚುಗಳನ್ನು ಬಾಗಿಸಿ ಕೂಡಿಸುವ ನಾಜೂಕು ಕೆಲಸ ಅಲ್ಲೇ ತಪ್ಪುತ್ತದೆ. ಕೊಳವೆ ಪೂರ್ತಿ ಮುಚ್ಚಿದ ಮೇಲೆ ಕಿಂಡಿ ತೆಗೆದರೆ ಈ ತೊಂದರೆ ಇಲ್ಲ. ಕೋಳಿ ಭ್ರೂಣದ ಮೇಲೆ ಅಷ್ಟೊಂದು ಪ್ರಯೋಗಗಳು ಸುಸೂತ್ರವಾಗಿ ನಡೆಯುವುದು ಅದಕ್ಕೇ. ಬಹಳಷ್ಟು ಜನ ಎರಡನೇ ಅಥವಾ ಮೂರನೇ ದಿನ ತೆರೆಯುತ್ತಾರೆ. ನಮಗೋ ಮುಚ್ಚುವುದಕ್ಕೆ ಮುಂಚೆಯೇ ಒಳಗೆ ಹೋಗಬೇಕು. ನೋಡಬೇಕಾದ ದೋಷವನ್ನು ನೋಡುವ ದಾರಿಯೇ ತಂದಿಡುತ್ತದೆ.

ಇದಕ್ಕೆ ದಾರಿ ಎರಡು. ಕಿಂಡಿಯ ದೋಷ ಇಷ್ಟಿರುತ್ತದೆ ಎಂದು ಒಪ್ಪಿಕೊಂಡು, ಅದಕ್ಕಿಂತ ಔಷಧಿ ಎಷ್ಟು ಜಾಸ್ತಿ ಮಾಡುತ್ತದೆ ಎಂದು ಲೆಕ್ಕ ಹಾಕುವುದು. ಇಲ್ಲವೇ ಮೊಟ್ಟೆಯಿಂದಲೇ ಭ್ರೂಣವನ್ನು ಹೊರತಂದು ತಟ್ಟೆಯಲ್ಲಿ ಬೆಳೆಸುವುದು. ಮೊದಲನೆಯದಕ್ಕೆ ಮೊಟ್ಟೆಗಳು ಸಿಕ್ಕಾಪಟ್ಟೆ ಬೇಕು, ಯಾಕೆಂದರೆ ಹಿನ್ನೆಲೆಯ ಗಲಾಟೆಯೇ ದೊಡ್ಡದು. ನಾವು ಎರಡನೆಯದಕ್ಕೆ ಹೋದೆವು.

ತಟ್ಟೆಯಲ್ಲಿ ಬೆಳೆಸುವ ವಿದ್ಯೆ ಹಳೆಯದು. ಡೆನಿಸ್ ನ್ಯೂ 1955ರಲ್ಲಿ ಗಾಜಿನ ಬಳೆಯ ಮೇಲೆ ಹಳದಿಯ ಪೊರೆಯನ್ನು ಬಿಗಿದು ಕೂರಿಸಿ ಭ್ರೂಣ ಬೆಳೆಸುವುದನ್ನು ತೋರಿಸಿದರು. ನಾವು ಬಳಸಿದ್ದು 2001ರಲ್ಲಿ ಬಂದ ಸುಲಭದ ದಾರಿ, ಫಿಲ್ಟರ್ ಪೇಪರಿನದು. ಮೊಟ್ಟೆಯನ್ನು ಮೆಲ್ಲಗೆ ಗಾಜಿನ ತಟ್ಟೆಗೆ ಒಡೆದು ಹಾಕಿ, ಹಳದಿಯ ಮೇಲೆ ಅಂಟಿಕೊಂಡಿರುವ ಗಟ್ಟಿ ಲೋಳೆಯನ್ನು ಟಿಶ್ಯೂ ಪೇಪರಿನಿಂದ ಒರೆಸಬೇಕು. ಇದರಲ್ಲಿ ಅವಸರ ಮಾಡುವ ಹಾಗಿಲ್ಲ. ಲೋಳೆ ಸ್ವಲ್ಪ ಉಳಿದರೂ ಪೇಪರ್ ಜಾರುತ್ತದೆ. ನಡುವೆ ತೂತು ಇರುವ ಚಿಕ್ಕ ಫಿಲ್ಟರ್ ಪೇಪರನ್ನು ಭ್ರೂಣ ತೂತಿನ ನಡುವೆ ಬರುವ ಹಾಗೆ ಇಟ್ಟರೆ ಅದು ಪೊರೆಗೆ ಅಂಟಿಕೊಳ್ಳುತ್ತದೆ. ಪೇಪರಿನ ಸುತ್ತ ಪೊರೆ ಕತ್ತರಿಸಿ, ಚಿಮಟದಿಂದ ಓರೆಯಾಗಿ ಎತ್ತಿದರೆ ಭ್ರೂಣವೂ ಅದರ ಜೊತೆಗೇ ಬರುತ್ತದೆ. ಅಂಟಿದ ಹಳದಿಯನ್ನು ಸಲೈನ್‌ನಲ್ಲಿ ತೊಳೆದು, ಮಗುಚಿ, ಅಗಾರ್ (ಕಡಲಪಾಚಿಯಿಂದ ತೆಗೆಯುವ, ಜೆಲ್ಲಿಯಂತೆ ಗಟ್ಟಿಯಾಗುವ ಪದಾರ್ಥ) ಮತ್ತು ತೆಳು ಲೋಳೆ ಬೆರೆಸಿ ಮಾಡಿದ ಹಾಸಿನ ಮೇಲೆ ಹೊಟ್ಟೆ ಮೇಲಾಗಿ ಮಲಗಿಸಬೇಕು. ಮೇಲೆ ಮುಚ್ಚಳ, ಸುತ್ತ ಒದ್ದೆ ಟಿಶ್ಯೂ, ಮತ್ತೆ 38 ಡಿಗ್ರಿ.

ಹೀಗೆ ಮಗುಚುವುದರಿಂದ ಬೆನ್ನು ಕೆಳಗಾಗುತ್ತದೆ. ನೋಡಬೇಕಾದದ್ದು ಬೆನ್ನು ತಾನೇ ಅಂತ ಕೇಳಬಹುದು. ಭ್ರೂಣ ಎಷ್ಟು ತೆಳು ಅಂದರೆ ಕೆಳಗಿನಿಂದ ಬೆಳಕು ಬಿಟ್ಟರೆ ಮಡಿಕೆಗಳ ಅಂಚು ಎರಡು ಗಾಢ ಗೆರೆಗಳಾಗಿ ಆಚೆಯಿಂದ ಕಾಣುತ್ತದೆ. 8ನೇ ಹಂತದ ಹೊತ್ತಿಗೆ ಆ ಗೆರೆಗಳು ನಡುಮೆದುಳಿನ ಜಾಗದಲ್ಲಿ ಮೊದಲ ಸಲ ಒಂದಕ್ಕೊಂದು ತಾಗುತ್ತವೆ. ಅಲ್ಲಿಂದ ಜಿಪ್ ಎಳೆದ ಹಾಗೆ ಹಿಂದಕ್ಕೂ ಮುಂದಕ್ಕೂ ಮುಚ್ಚುತ್ತಾ ಹೋಗುತ್ತದೆ. ಇದನ್ನು ಮೈಕ್ರೋಸ್ಕೋಪಿನಲ್ಲಿ ಕೂತು ನೋಡಿದರೆ ಏನೂ ಅಲ್ಲಾಡುವುದಿಲ್ಲ. ಎದ್ದು ಹೋಗಿ ಬೇರೆ ಕೆಲಸ ಮುಗಿಸಿ ಬಂದರೆ ಗೆರೆಗಳ ನಡುವಿನ ಸಂದು ಕಿರಿದಾಗಿರುತ್ತದೆ. 10ನೇ ಹಂತದ ಸುಮಾರಿಗೆ ಎದೆಯ ಹತ್ತಿರ ಹೃದಯ ಬಲಕ್ಕೆ ಬಾಗಿ ಮಿಡಿಯಲು ಶುರುಮಾಡುತ್ತದೆ. ರಕ್ತ ಇನ್ನೂ ಹರಿಯುತ್ತಿರುವುದಿಲ್ಲ, ಬರೀ ಮಿಡಿತ. ಅದನ್ನು ಕಂಡಾಗ ಎಲ್ಲರೂ ಒಮ್ಮೆಯಾದರೂ ಬಂದು ನೋಡಿ ಹೋಗುತ್ತಾರೆ. ಸೆಮಿನಾರಿನಲ್ಲಿ ಸದಾ ನಿದ್ದೆ ಮಾಡುವವರು ಕೂಡ!

ವಾಲ್‌ಪ್ರೋಯೇಟನ್ನು ಅಗಾರ್ ಹಾಸಿಗೇ ಬೆರೆಸಿದೆವು. ಸೋಡಿಯಂ ಲವಣದ ರೂಪದ್ದೇ ಬೇಕು. ನೇರವಾಗಿ ಆಮ್ಲವನ್ನೇ ಹಾಕಿದರೆ ಹಾಸು ಹುಳಿಯಾಗುತ್ತದೆ, ಆಮೇಲೆ ಭ್ರೂಣ ಕೆಟ್ಟದ್ದು ಔಷಧಿಯಿಂದಲೋ ಹುಳಿಯಿಂದಲೋ ಹೇಳಲಾಗುವುದಿಲ್ಲ. ಔಷಧಿ ಇಲ್ಲದ ತಟ್ಟೆಗಳಲ್ಲಿ ಈ ಸಲ ತಲೆಗಳು ಚೆನ್ನಾಗಿ ಮುಚ್ಚಿದವು. ನೆಲ ಗಟ್ಟಿಯಾಯಿತು ಅಂದುಕೊಂಡೆವು.

ಆಮೇಲೆ ಬಂದದ್ದು ಎರಡನೇ ತೊಡಕು. ನನ್ನ ಮಟ್ಟಿಗೆ ಇದೇ ಇಡೀ ಕೆಲಸದ ತಿರುಳು. ಔಷಧಿಯ ತಟ್ಟೆಗಳಲ್ಲಿ ತೆರೆದ ನರಪಟ್ಟಿ ಬೇಕಾದಷ್ಟು ಸಿಕ್ಕಿತು. ಆದರೆ ತೆರೆದಿರುವುದೆಲ್ಲ ದೋಷವಲ್ಲ. ಆರೋಗ್ಯವಾಗಿರುವ ಕೋಳಿ ಭ್ರೂಣದಲ್ಲೂ ಹಿಂಭಾಗದ ನರಪಟ್ಟಿ ಎರಡನೇ ದಿನದ ಬಹಳ ಹೊತ್ತು ವಜ್ರಾಕಾರದಲ್ಲಿ ತೆರೆದೇ ಇರುತ್ತದೆ. ಸೈನಸ್ ರಾಂಬಾಯ್ಡಾಲಿಸ್ ಅಂತ ಅದಕ್ಕೆ ಹೆಸರೇ ಇದೆ. ಹೊಸಬರು ಅದನ್ನು ನೋಡಿದ ಕೂಡಲೇ ಸ್ಪೈನಾ ಬೈಫಿಡಾ ಅಂತ ಬರೆದುಬಿಡುತ್ತಾರೆ. ತಲೆಯೂ ಹಾಗೆಯೇ. ನಾಲ್ಕು ಸೊಮೈಟ್ ಇರುವ ಭ್ರೂಣದ ತಲೆಯ ಬಹುಭಾಗ ತೆರೆದಿದ್ದರೆ ಅದು ಸರಿ. ಹದಿನೈದು ಇರುವುದರಲ್ಲಿ ತೆರೆದಿದ್ದರೆ ದೋಷ. ಗಡಿಯಾರದ ಲೆಕ್ಕದಲ್ಲಿ ಎರಡೂ ಒಂದೇ ವಯಸ್ಸಿನವು ಆಗಿರಬಹುದು.

ವಾಲ್‌ಪ್ರೋಯೇಟ್ ಭ್ರೂಣದ ಇಡೀ ಬೆಳವಣಿಗೆಯನ್ನೇ ನಿಧಾನ ಮಾಡುತ್ತಿತ್ತು. ಒಂದು ಹೊತ್ತಿಗೆ ಎಲ್ಲವನ್ನೂ ಕೆಡದಂತೆ ಇಡುವ ಫಾರ್ಮಲಿನ್ ದ್ರವಕ್ಕೆ ಹಾಕಿ ತೆರೆದವೆಷ್ಟು, ಮುಚ್ಚಿದವೆಷ್ಟು ಅಂತ ಎಣಿಸಿದರೆ ಹಿಂದೆ ಬಿದ್ದ ಭ್ರೂಣಗಳೆಲ್ಲ ದೋಷದ ಪಟ್ಟಿಗೆ ಸೇರಿಬಿಡುತ್ತವೆ. ಅವನ್ನು ಇನ್ನಷ್ಟು ಹೊತ್ತು ಬಿಟ್ಟಿದ್ದರೆ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವೋ ಏನೋ. ತಡವಾಗುವುದು ಬೇರೆ, ಆಗದೇ ಹೋಗುವುದು ಬೇರೆ. ಹಾಗಾಗಿ ಪ್ರತಿ ಭ್ರೂಣಕ್ಕೂ ಮೊದಲು ಸೊಮೈಟ್ ಎಣಿಕೆ, ಆಮೇಲೆ ಅಷ್ಟೇ ಸೊಮೈಟ್ ಇರುವ ಕಂಟ್ರೋಲ್ ಭ್ರೂಣದ ಪಕ್ಕದಲ್ಲಿಟ್ಟು ಹೋಲಿಕೆ. ಹೀಗೆ ಜರಡಿ ಹಿಡಿದ ಮೇಲೆ ನಮ್ಮ ದೋಷದ ಪಟ್ಟಿ ಅರ್ಧಕ್ಕಿಂತ ಕೆಳಗಿಳಿಯಿತು. ಬೇಜಾರಾಗಲಿಲ್ಲ ಅಂದರೆ ಸುಳ್ಳು. ಆದರೆ ಉಳಿದವುಗಳ ಬಗ್ಗೆ ಯಾರು ಏನು ಕೇಳಿದರೂ ಉತ್ತರ ಇತ್ತು.

ಎಣಿಸುವವರಿಗೆ ಯಾವ ಭ್ರೂಣ ಯಾವ ಗುಂಪಿನದು ಎಂದು ಗೊತ್ತಿರಬಾರದು. ಲ್ಯಾಬಿನ ಗೆಳತಿಯೊಬ್ಬಳು ಬಾಟಲಿಗಳ ಚೀಟಿ ಕಿತ್ತು ಬರೀ ನಂಬರ್ ಅಂಟಿಸಿ ಕೊಡುತ್ತಿದ್ದಳು, ಪಟ್ಟಿ ಅವಳ ಡ್ರಾಯರಿನಲ್ಲಿ. ಇದು ಬರೀ ಶಾಸ್ತ್ರಕ್ಕೆ ಮಾಡುವ ಕೆಲಸ ಅಂತ ಅನ್ನಿಸಬಹುದು. ಅಲ್ಲ. ಮಡಿಕೆಗಳ ತುದಿ ತಾಗಿದೆಯೋ ಇಲ್ಲವೋ ಅನ್ನುವ ಅನುಮಾನದ ಭ್ರೂಣಗಳೇ ಜಾಸ್ತಿ. ಇದು ಔಷಧಿಯದು ಎಂದು ಗೊತ್ತಿದ್ದರೆ ಕಣ್ಣು ತಾನಾಗಿಯೇ ಸಂದು ಹುಡುಕುತ್ತದೆ.

ಮೇಲಿನಿಂದ ನೋಡಿ ತೀರ್ಮಾನ ಆಗದವನ್ನು ಸೆಕ್ಷನ್‌ಗೆ ಕಳಿಸಿದೆವು. ನೀರು ತೆಗೆದು, ಮೇಣದಲ್ಲಿ ಕೂರಿಸಿ, ಮೈಕ್ರೋಟೋಮಿನಲ್ಲಿ ಅಡ್ಡಲಾಗಿ ತೆಳ್ಳಗೆ ಕೊಯ್ದು, ಬಣ್ಣ ಹಾಕುವ ಎಂದಿನ ಕೆಲಸ, ಅದರಲ್ಲಿ ಹೇಳುವಂಥದ್ದೇನಿಲ್ಲ. ಸ್ಲೈಡಿನಲ್ಲಿ ಕಂಡದ್ದು ಮಾತ್ರ ಹೇಳಬೇಕು. ಸರಿಯಾದ ಭ್ರೂಣದಲ್ಲಿ ನರಪಟ್ಟಿ ಬಾಗುವುದು ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ನಡುವೆ, ನೋಟೋಕಾರ್ಡಿನ (ನರಪಟ್ಟಿಯ ಕೆಳಗೆ ಉದ್ದಕ್ಕೂ ಇರುವ ಆಸರೆಯ ದಂಡ) ನೇರ ಮೇಲೆ ಒಂದು ಮಡಚುವ ಜಾಗ; ಅಲ್ಲಿ ಜೀವಕೋಶಗಳ ಬುಡ ಅಗಲವಾಗಿ ತುದಿ ಕಿರಿದಾಗಿರುತ್ತದೆ. ಮೆದುಳಿನ ಭಾಗದಲ್ಲಿ ಇದರ ಜೊತೆಗೆ ಪಕ್ಕದಲ್ಲೂ ಒಂದೊಂದು. ನಮ್ಮ ದೋಷದ ಭ್ರೂಣಗಳಲ್ಲಿ ನಡುವಿನ ಮಡಚು ಇತ್ತು. ಅಂಚುಗಳು ಎದ್ದೂ ನಿಂತಿದ್ದವು. ಎದ್ದವು ಒಳಕ್ಕೆ ಬಾಗಿರಲಿಲ್ಲ, ಎರಡು ಗೋಡೆಗಳು ಎದುರುಬದುರು ನೆಟ್ಟಗೆ ನಿಂತುಬಿಟ್ಟಿದ್ದವು. ಅಂದರೆ ಕೆಲಸ ಶುರುವೇ ಆಗಲಿಲ್ಲ ಅಂತಲ್ಲ, ಕೊನೆಯ ಬಾಗುವಿಕೆಯಲ್ಲಿ ನಿಂತಿದೆ. ಯಾಕೆ ಅನ್ನುವುದಕ್ಕೆ ಜೀವಕೋಶದ ತುದಿಯನ್ನು ಕಿರಿದಾಗಿಸುವ ಆಕ್ಟಿನ್ ಎಳೆಗಳನ್ನು ನೋಡಬೇಕು. ಅದು ಈಗ ನಡೆಯುತ್ತಿದೆ.

ಲೇಖನ ಕಳಿಸಿದಾಗ ವಿಮರ್ಶಕರೊಬ್ಬರು, ಕಂಟ್ರೋಲ್‌ಗಳ ಕೋಷ್ಟಕ ತೀರಾ ಉದ್ದವಾಯಿತು, ಅದನ್ನು ಅನುಬಂಧಕ್ಕೆ ಹಾಕಿ ಎಂದು ಬರೆದಿದ್ದರು. ಮೇಡಂ ಒಪ್ಪಲಿಲ್ಲ. ಆ ಕೋಷ್ಟಕ ಇಲ್ಲದಿದ್ದರೆ ಉಳಿದ ಪುಟಗಳನ್ನು ಓದುವ ಅಗತ್ಯವೇ ಇಲ್ಲ ಎಂದು ಉತ್ತರ ಬರೆಸಿದರು. ಸ್ವಲ್ಪ ಖಾರವಾಯಿತು ಅನ್ನಿಸಿತು, ಆದರೆ ಕೋಷ್ಟಕ ಉಳಿಯಿತು.

ಇದರಿಂದ ಬಸುರಿ ಹೆಂಗಸರಿಗೆ ಎಷ್ಟು ಔಷಧಿ ಸುರಕ್ಷಿತ ಅಂತ ಹೇಳಬಹುದಾ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ತಟ್ಟೆಯ ಭ್ರೂಣಕ್ಕೆ ತಾಯಿಯ ಯಕೃತ್ತಿಲ್ಲ, ಮಾಸು ಇಲ್ಲ. ಔಷಧಿ ನೇರ ಮೈಗೇ ತಾಗುತ್ತದೆ. ಆ ಅಳತೆಯನ್ನು ಮಾತ್ರೆಯ ಅಳತೆಗೆ ತಿರುಗಿಸುವ ಲೆಕ್ಕವೇ ಇಲ್ಲ. ಕೋಳಿಯ ತಲೆ ಮುಚ್ಚುವ ಕ್ರಮವೂ ನಮ್ಮದರ ಪಡಿಯಚ್ಚಲ್ಲ.

ಜಾಸ್ತಿ ಜನ ಕೇಳುವುದು ಇನ್ನೊಂದನ್ನು: ಜೊತೆಗೆ ಫೋಲಿಕ್ ಆಸಿಡ್ ಹಾಕಿದರೆ ಸರಿಹೋಗುತ್ತಾ? ಹಾಕಿ ನೋಡುವುದು ಸುಲಭ, ಅರ್ಥ ಮಾಡುವುದು ಕಷ್ಟ. ಕೋಳಿ ಮೊಟ್ಟೆಯಲ್ಲಿ ಭ್ರೂಣಕ್ಕೆ ಬೇಕಾದ ಫೋಲೇಟನ್ನು ತಾಯಿಕೋಳಿ ಮೊದಲೇ ತುಂಬಿಸಿಟ್ಟಿರುತ್ತದೆ. ತುಂಬಿದ ಮೇಲೆ ಇನ್ನಷ್ಟು ಸುರಿದರೆ ಕೊರತೆಯ ಬಗ್ಗೆ ಏನೂ ತಿಳಿಯುವುದಿಲ್ಲ. ಮೆಥೊಟ್ರೆಕ್ಸೇಟ್‌ನಂಥ ಫೋಲೇಟ್ ತಡೆಯುವ ಔಷಧಿ ಕೊಟ್ಟು ಮೊದಲು ಕೊರತೆ ತರಬೇಕು. ಅದು ಬೇರೆಯೇ ಪ್ರಯೋಗ. ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿ ಅದನ್ನು ಕೈಗೆತ್ತಿಕೊಂಡಿದ್ದಾಳೆ. ಮೊದಲ ಕೆಲವು ತಿಂಗಳು ಔಷಧಿಯ ಬಾಟಲಿ ತೆರೆಯುವ ಅವಕಾಶವೇ ಸಿಗುವುದಿಲ್ಲ, ಬರೀ ಕಂಟ್ರೋಲ್ ಮೊಟ್ಟೆಗಳೇ ಎಂದು ಅವಳಿಗೆ ಈಗಲೇ ಹೇಳಿಟ್ಟಿದ್ದೇನೆ. ನಂಬಿದ ಹಾಗೆ ಕಾಣಲಿಲ್ಲ.